ರಿವರ್ಬ್ ಉಪಕರಣದಿಂದ ಹರಿದ ಸದ್ದು: ದೀಪ ಉರಿಯುತ್ತದೆ, ಸ್ವರ ಮಾತ್ರ ಸರಿಯಿಲ್ಲ

ಸ್ವರಮಂಚ (ಬ್ರಹ್ಮಾವರ), ಜೂನ್ 14, ರಾತ್ರಿ 10.50

ಎಲ್ಲರಿಗೂ ನಮಸ್ಕಾರ. ಮೂರು ದಿನಗಳಿಂದ ತಲೆ ಕೆಡಿಸಿಕೊಂಡು ಕೊನೆಗೆ ಇಲ್ಲಿ ಬರೆಯುತ್ತಿದ್ದೇನೆ. ಮನೆಯ ಮಹಡಿಯ ಒಂದು ಕೋಣೆಯನ್ನು ಧ್ವನಿಮುದ್ರಣಕ್ಕೆಂದು ಇಟ್ಟುಕೊಂಡಿದ್ದೇನೆ. ಪತ್ತನಾಜೆ (ಮೇ ಕೊನೆಯಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುವ ದಿನ) ಕಳೆದು ಮೇಳದವರು ಗೆಜ್ಜೆ ಬಿಚ್ಚಿದ ಮೇಲೆ ಹಾಡುಗಾರರಾದ ಭಾಗವತರೊಬ್ಬರು ಬಿಡುವು ಮಾಡಿಕೊಂಡು ಬಂದು ಹನ್ನೊಂದು ಪದ್ಯಗಳನ್ನು ಹಾಡಿಕೊಟ್ಟಿದ್ದಾರೆ. ಅವುಗಳಿಗೆ ನನ್ನ ಹಳೆಯ ರ‍್ಯಾಕ್ ರಿವರ್ಬಿನ (ಸ್ವರಕ್ಕೆ ಪ್ರತಿಧ್ವನಿ ಸೇರಿಸುವ ಪೆಟ್ಟಿಗೆ) ನಾದವನ್ನು ಸೇರಿಸಲು ಹೊರಟರೆ ಸ್ವರವು ಹರಿದ ಬಟ್ಟೆಯಂತೆ ಕೇಳಿಸುತ್ತದೆ. ಚೆಂಡೆಯ ಪೆಟ್ಟು ಬಿದ್ದಲ್ಲಿ ಇನ್ನೂ ಕೆಟ್ಟದಾಗಿ ಬರುತ್ತದೆ. ಒಳಗೆ ಸಣ್ಣಗೆ ಗುಂಯ್ ಎನ್ನುವ ಸದ್ದೂ ಇದೆ.

ಉಪಕರಣದ ಅಂಕಿಗಳು ಸರಿಯಾಗಿ ಬೆಳಗುತ್ತವೆ, ಪ್ರೋಗ್ರಾಮ್ ಬದಲಾಯಿಸಿದರೆ ಬದಲಾಗುತ್ತದೆ. ಪ್ರತಿಧ್ವನಿ ಸೇರಿಸದೆ ಸ್ವರವನ್ನು ಹಾಗೆಯೇ ಹೊರಬಿಡುವ ಬೈಪಾಸ್ ಗುಂಡಿ ಒತ್ತಿದರೂ ಅದೇ ಹರಿದ ಸದ್ದು. ಕೇಬಲ್‌ಗಳನ್ನೆಲ್ಲ ಬದಲಿಸಿ ನೋಡಿದ್ದಾಗಿದೆ. ಇದು ಏನು ದೋಷವೆಂದು ದಯವಿಟ್ಟು ತಿಳಿದವರು ಹೇಳಬೇಕು.

ಕಾರ್ಕಳದ ತಂತಿ, ಜೂನ್ 14, ರಾತ್ರಿ 11.20

ಅರ್ಥಿಂಗ್. ನಮ್ಮ ಕಡೆ ನೂರಕ್ಕೆ ತೊಂಬತ್ತು ಪ್ರಕರಣಗಳಲ್ಲಿ ಇದೇ ಕಾರಣ. ಮುರಕಲ್ಲಿನ ನೆಲದಲ್ಲಿ ಎರಡಡಿ ಅಗೆದು ಕೊಳವೆ ನಿಲ್ಲಿಸಿ ಅರ್ಥ್ ಆಯಿತೆಂದು ಹೇಳಿ ಹೋಗುವವರೇ ಹೆಚ್ಚು. ಮೊದಲು ಗುಂಡಿಗೆ ಇದ್ದಿಲು, ಉಪ್ಪು ಹಾಕಿ ನೀರು ಬಿಡಿಸಿ. ಆಮೇಲೆ ಉಪಕರಣದ ಮಾತು.

ಸುರತ್ಕಲ್ ಸೌಂಡ್, ಜೂನ್ 15, ಬೆಳಿಗ್ಗೆ 7.05

ಅರ್ಥಿಂಗ್ ಸರಿಯಿಲ್ಲದಿದ್ದರೆ ಗುಂಯ್ ಎಂಬ ಸದ್ದು ಬಂದೀತು, ಸ್ವರ ಹರಿಯುವುದಿಲ್ಲ. ನನಗೆ ಇದು ಸಿಗ್ನಲ್ ಮಟ್ಟದ ತೊಂದರೆಯೆಂದು ಕಾಣುತ್ತದೆ. ಇಂಟರ್‌ಫೇಸಿನ (ಕಂಪ್ಯೂಟರಿಗೂ ಉಪಕರಣಗಳಿಗೂ ನಡುವೆ ಸದ್ದನ್ನು ಸಾಗಿಸುವ ಪೆಟ್ಟಿಗೆ) ಹೊರಗಂಡಿ +4 ಡಿಬಿಯು ಎಂಬ ಸ್ಟುಡಿಯೋ ಮಟ್ಟದಲ್ಲಿ ಕೊಡುತ್ತಿದ್ದು, ಆ ಕಾಲದ ಮನೆಬಳಕೆಯ ಉಪಕರಣಗಳು −10 ಡಿಬಿವಿ ಎಂಬ ಕಡಿಮೆ ಮಟ್ಟವನ್ನು ನಿರೀಕ್ಷಿಸುತ್ತಿದ್ದರೆ ನಡುವೆ ಸುಮಾರು 12 ಡೆಸಿಬೆಲ್‌ಗಳ ವ್ಯತ್ಯಾಸ ಬೀಳುತ್ತದೆ, ಒಳಗಿನ ಮೊದಲ ಹಂತವೇ ಉಕ್ಕಿ ಹರಿಯುತ್ತದೆ. ಸೆಂಡ್ ಮಟ್ಟವನ್ನು (ಪೆಟ್ಟಿಗೆಗೆ ಕಳಿಸುವ ಸದ್ದಿನ ಪ್ರಮಾಣ) 20 ಡೆಸಿಬೆಲ್ ಇಳಿಸಿ ಕೇಳಿ ತಿಳಿಸಿ.

ಚಾವಡಿ (ಮಣಿಪಾಲ), ಜೂನ್ 15, ಬೆಳಿಗ್ಗೆ 9.40

ಮೂವತ್ತು ವರ್ಷ ಹಳೆಯ ಪೆಟ್ಟಿಗೆಯ ಮೇಲೆ ಇಷ್ಟು ಶ್ರಮ ಏಕೆಂದು ನನಗೆ ತಿಳಿಯುವುದಿಲ್ಲ. ನಾನು ನಮ್ಮ ಅಜ್ಜಿಮನೆಯ ಚಾವಡಿಯಲ್ಲಿ ಬಲೂನು ಒಡೆದು ಆ ಪ್ರತಿಧ್ವನಿಯನ್ನು ಮುದ್ರಿಸಿಕೊಂಡಿದ್ದೇನೆ. ಕಂಪ್ಯೂಟರಿನಲ್ಲಿ ಅದನ್ನು ಕನ್ವಲ್ಯೂಷನ್ ರಿವರ್ಬಿಗೆ (ಮುದ್ರಿಸಿಕೊಂಡ ಜಾಗದ ಪ್ರತಿಧ್ವನಿಯನ್ನು ಬೇರೆ ಸದ್ದಿಗೆ ಕೂಡಿಸುವ ತಂತ್ರಾಂಶ) ಹಾಕಿದರೆ ಮದ್ದಳೆಯ ನುಡಿತ ಮರದ ಕಂಬಗಳ ನಡುವೆಯೇ ಕೇಳಿದಂತಾಗುತ್ತದೆ. ಖರ್ಚು ಒಂದು ಬಲೂನಿನದ್ದು.

ಸ್ವರಮಂಚ, ಜೂನ್ 15, ಮಧ್ಯಾಹ್ನ 1.15

ಸುರತ್ಕಲ್ ಅವರೇ, 20 ಡೆಸಿಬೆಲ್ ಇಳಿಸಿ ನೋಡಿದೆ. ಸದ್ದು ಸಣ್ಣದಾಯಿತು, ಹರಿಯುವುದು ನಿಲ್ಲಲಿಲ್ಲ. ಭಾಗವತರು ತೀರಾ ಮೆಲುದನಿಯಲ್ಲಿ ಎತ್ತಿಕೊಳ್ಳುವ ಆಲಾಪದಲ್ಲಿಯೂ ಹಾಗೆಯೇ ಇದೆ. ಚಾವಡಿಯವರ ಸಲಹೆಗೆ ಧನ್ಯವಾದ. ಆದರೆ ಪ್ರಶ್ನೆ ಈ ಪೆಟ್ಟಿಗೆಯದ್ದು.

ಕಾರ್ಕಳದ ತಂತಿ, ಜೂನ್ 15, ಮಧ್ಯಾಹ್ನ 1.30

ನಾನು ಹೇಳಿದ್ದನ್ನು ಮಾಡಿದಿರೋ? ಮಾಡಲಿಲ್ಲ. ಅರ್ಥ್ ಗುಂಡಿಯ ಒಂದು ಫೋಟೋ ಹಾಕಿ.

ಕಡಲ ಕೇಳುಗ (ಕಾಪು), ಜೂನ್ 15, ಸಂಜೆ 4.00

ಇಷ್ಟೆಲ್ಲ ಬೇಕಿಲ್ಲ. ಇಂಟರ್‌ಫೇಸಿನ ಪ್ಲಗ್ಗಿನ ಅರ್ಥ್ ಪಿನ್ನನ್ನು ಕಿತ್ತುಬಿಟ್ಟರೆ ಗುಂಯ್ ಸದ್ದು ಹೋಗುತ್ತದೆ. ನಾನು ಐದು ವರ್ಷಗಳಿಂದ ಹಾಗೆಯೇ ನಡೆಸುತ್ತಿದ್ದೇನೆ.

ಕಾರ್ಕಳದ ತಂತಿ, ಜೂನ್ 15, ಸಂಜೆ 4.10

ಕಾಪುವಿನವರೇ, ದಯಮಾಡಿ ಇಂಥದ್ದನ್ನು ಯಾರಿಗೂ ಹೇಳಬೇಡಿ. ಮಳೆಗಾಲದಲ್ಲಿ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಲೋಹದ ಮೈಕನ್ನು ಹಿಡಿದು ಹಾಡುವವರು ನಮ್ಮ ಮನೆಗೆ ನಂಬಿ ಬಂದ ಅತಿಥಿಗಳು. ಒಳಗೆಲ್ಲೋ ತಂತಿ ಸವೆದು 230 ವೋಲ್ಟ್ ಕವಚಕ್ಕೆ ಬಂದರೆ ಅದನ್ನು ನೆಲಕ್ಕೆ ಇಳಿಸಿ ಫ್ಯೂಸ್ ಹಾರಿಸುವುದಕ್ಕೇ ಆ ಪಿನ್ನು ಇರುವುದು. ಐದು ವರ್ಷ ಏನೂ ಆಗಲಿಲ್ಲ ಎಂಬುದು ನಿಮ್ಮ ಪುಣ್ಯ.

ಬೆಸುಗೆಗಾರ (ಮಂಗಳೂರು), ಜೂನ್ 15, ರಾತ್ರಿ 9.25

ಪಿನ್ನಿನ ವಿಷಯದಲ್ಲಿ ಕಾರ್ಕಳದವರ ಮಾತಿಗೆ ನನ್ನ ಪೂರ್ಣ ಒಪ್ಪಿಗೆ ಇದೆ. ಆದರೆ ಇಲ್ಲಿನ ದೋಷಕ್ಕೆ ಅರ್ಥಿಂಗ್ ಕಾರಣವೆಂದು ಒಪ್ಪಲಾರೆ. ಒಂದನೆಯದಾಗಿ, ಜೂನ್ ತಿಂಗಳಲ್ಲಿ ನೆಲ ನೆನೆದಿರುವಾಗ ಅರ್ಥ್ ಉತ್ತಮಗೊಳ್ಳಬೇಕು. ಅದು ಕೆಡುವುದಾದರೆ ಮಾರ್ಚ್, ಏಪ್ರಿಲ್‌ನಲ್ಲಿ ಕೆಡಬೇಕಿತ್ತು. ಎರಡನೆಯದಾಗಿ, ಬೈಪಾಸ್‌ನಲ್ಲಿಯೂ ಹರಿದ ಸದ್ದೇ ಬರುತ್ತಿದೆಯೆಂದರೆ ರಿವರ್ಬನ್ನು ಲೆಕ್ಕಹಾಕುವ ಡಿಜಿಟಲ್ ಭಾಗದ ಮೇಲೆ ಸಂಶಯಪಡಬೇಕಿಲ್ಲ, ಏಕೆಂದರೆ ಆ ಕಾಲದ ಹೆಚ್ಚಿನ ಉಪಕರಣಗಳಲ್ಲಿ ಬೈಪಾಸ್ ಮಾಡಿದರೂ ಸಿಗ್ನಲ್ ಒಳಗಿನ ವರ್ಧಕ ಚಿಪ್ಪುಗಳಾದ ಆಪ್-ಆಂಪ್‌ಗಳನ್ನು ಹಾದೇ ಹೊರಬರುತ್ತದೆ.

ಎರಡು ವಿಷಯ ತಿಳಿಸಿ. ಹರಿದ ಸದ್ದನ್ನು ಮುದ್ರಿಸಿಕೊಂಡು ಅಲೆಯ ಚಿತ್ರವನ್ನು ಹಿಗ್ಗಿಸಿ ನೋಡಿದರೆ ಮೇಲ್ಭಾಗ, ಕೆಳಭಾಗ ಎರಡೂ ಕತ್ತರಿಸಿದಂತಿವೆಯೋ, ಒಂದು ಮಾತ್ರವೋ? ಮತ್ತು, ಇದು ಎಂದಿನಿಂದ ಆರಂಭವಾಯಿತು, ಅದಕ್ಕೆ ಸ್ವಲ್ಪ ಮೊದಲು ಏನನ್ನು ಬದಲಿಸಿದಿರಿ?

ಸ್ವರಮಂಚ, ಜೂನ್ 16, ಬೆಳಿಗ್ಗೆ 6.45

ಕೆಳಭಾಗ ಮಾತ್ರ. ಮೇಲಿನ ಅರ್ಧ ದುಂಡಗಿದೆ, ಕೆಳಗಿನದ್ದು ಕತ್ತಿಯಿಂದ ಕೊಯ್ದಂತೆ ಚಪ್ಪಟೆ.

ಏನನ್ನೂ ಬದಲಿಸಿಲ್ಲ. ಮೇ ಕೊನೆಯಲ್ಲಿ ಸಿಡಿಲು ಬಂದು ಕರೆಂಟು ಹೋದ ರಾತ್ರಿಯ ನಂತರ ಪೆಟ್ಟಿಗೆ ಆನ್ ಆಗಲಿಲ್ಲ; ಅಡಾಪ್ಟರನ್ನು ಮಲ್ಟಿಮೀಟರಿನಲ್ಲಿ ನೋಡಿದಾಗ ಸೊನ್ನೆ ತೋರಿಸಿತು. ಹಾಗಾಗಿ ಹೊಸ 9 ವೋಲ್ಟ್ ಅಡಾಪ್ಟರ್ ತಂದು ಹಾಕಿದೆ, ಆನ್ ಆಯಿತು. ಅದು ಬೇರೆ ವಿಷಯ.

ಬೆಸುಗೆಗಾರ, ಜೂನ್ 16, ಬೆಳಿಗ್ಗೆ 7.10

ಅದೇ ವಿಷಯ ಮಾರಾಯ್ರೇ! ಪೆಟ್ಟಿಗೆಯ ಬೆನ್ನಲ್ಲಿ ವಿದ್ಯುತ್ ಗಂಡಿಯ ಪಕ್ಕ ಏನು ಬರೆದಿದೆಯೆಂದು ಓದಿ. ಹೊಸ ಅಡಾಪ್ಟರಿನ ಮೇಲೆ ಏನು ಬರೆದಿದೆಯೆಂದೂ ಓದಿ. ಹಳೆಯದನ್ನು ಅಳೆಯುವಾಗ ಮೀಟರಿನ ಗುಬುಟು ಎಲ್ಲಿತ್ತೆಂದು ನೆನಪಿಸಿಕೊಳ್ಳಿ. ಸದ್ಯಕ್ಕೆ ಆ ಹೊಸ ಅಡಾಪ್ಟರನ್ನು ಕಳಚಿಡಿ.

ಸ್ವರಮಂಚ, ಜೂನ್ 16, ಬೆಳಿಗ್ಗೆ 7.40

ಪೆಟ್ಟಿಗೆಯ ಮೇಲೆ 9 ವೋಲ್ಟ್ ಎಸಿ (ದಿಕ್ಕು ಬದಲಿಸುತ್ತಲೇ ಇರುವ ವಿದ್ಯುತ್ತು) ಎಂದಿದೆ. ಹೊಸ ಅಡಾಪ್ಟರಿನ ಮೇಲೆ 9 ವೋಲ್ಟ್ ಡಿಸಿ (ಒಂದೇ ದಿಕ್ಕಿನದ್ದು) ಎಂದಿದೆ. ಮೀಟರ್ ಡಿಸಿ 20ರಲ್ಲಿತ್ತು. ಆದರೆ ಎಸಿ ಬೇಕಾದಲ್ಲಿ ಡಿಸಿ ಕೊಟ್ಟರೆ ಏನೂ ನಡೆಯಬಾರದಲ್ಲವೇ? ಅಂಕಿಗಳೆಲ್ಲ ಉರಿಯುತ್ತಿವೆಯಲ್ಲ?

ಬೆಸುಗೆಗಾರ, ಜೂನ್ 16, ಬೆಳಿಗ್ಗೆ 8.30

ಉರಿಯುವುದರಿಂದಲೇ ಎಲ್ಲರೂ ದಾರಿ ತಪ್ಪಿದ್ದು. ಇಂಥ ಪೆಟ್ಟಿಗೆಗಳಲ್ಲಿ ಒಳಗೆ ಬರುವ ಎಸಿಯ ಮೇಲಿನ ಅರ್ಧ ಅಲೆಯನ್ನು ಒಂದು ಡಯೋಡ್ (ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಹಿಡಿದು ಧನ ವೋಲ್ಟೇಜನ್ನೂ, ಕೆಳಗಿನ ಅರ್ಧವನ್ನು ತಿರುಗಿಸಿಟ್ಟ ಇನ್ನೊಂದು ಡಯೋಡ್ ಹಿಡಿದು ಋಣ ವೋಲ್ಟೇಜನ್ನೂ ಮಾಡುತ್ತವೆ. ಎರಡೇ ತಂತಿಗಳಲ್ಲಿ ಎರಡೂ ಬದಿಯ ವಿದ್ಯುತ್ತು ಸಿಗಲೆಂದೇ ತಯಾರಕರು ಎಸಿ ಅಡಾಪ್ಟರನ್ನು ಆರಿಸಿಕೊಂಡಿರುತ್ತಾರೆ. ನೀವು ಡಿಸಿ ಕೊಟ್ಟಾಗ ಧನ ಬದಿಯ ಡಯೋಡ್ ಮಾತ್ರ ತೆರೆದುಕೊಂಡಿತು. ಅದರಿಂದ 7805 ರೆಗ್ಯುಲೇಟರಿಗೆ ಬೇಕಾದಷ್ಟು ಸಿಕ್ಕಿ 5 ವೋಲ್ಟ್ ತಯಾರಾಯಿತು, ಡಿಜಿಟಲ್ ಭಾಗ ಎಚ್ಚರಗೊಂಡು ಅಂಕಿಗಳು ಬೆಳಗಿದವು. ಋಣ ಬದಿಯಲ್ಲಿ ಏನೂ ಇಲ್ಲದ್ದರಿಂದ ಆಪ್-ಆಂಪ್‌ಗಳಿಗೆ ಸೊನ್ನೆಗಿಂತ ಕೆಳಗಿಳಿಯಲು ಜಾಗವಿಲ್ಲ. ಹಾಗಾಗಿ ಅಲೆಯ ಅರ್ಧಭಾಗ ಮೆಲುದನಿಯಲ್ಲಿಯೂ ಮುರಿಯಿತು, ಸೆಂಡ್ ಇಳಿಸಿದರೂ ಪ್ರಯೋಜನವಾಗಲಿಲ್ಲ. ಮುಚ್ಚಳ ತೆಗೆದು ಟಿಎಲ್072 ಅಥವಾ 4558 ಎಂಬ ಆಪ್-ಆಂಪ್ ಚಿಪ್ಪಿನ 4ನೆಯ ಕಾಲನ್ನು ಗ್ರೌಂಡಿಗೆ ಹೋಲಿಸಿ ಅಳೆದಿದ್ದರೆ ಸೊನ್ನೆಯ ಹತ್ತಿರ ತೋರಿಸುತ್ತಿತ್ತು. ಸರಿಯಿರುವಾಗ ಅಲ್ಲಿ ಋಣ ವೋಲ್ಟೇಜ್ ಇರಬೇಕು.

ನಿಮ್ಮ ಹಳೆಯ ಅಡಾಪ್ಟರನ್ನು ಬಿಸಾಡಿಲ್ಲವಷ್ಟೇ? ಎಸಿ ಅಡಾಪ್ಟರನ್ನು ಡಿಸಿ ಅಳತೆಯಲ್ಲಿ ನೋಡಿದರೆ ಸೊನ್ನೆಯೇ ಬರುತ್ತದೆ.

ಸ್ವರಮಂಚ, ಜೂನ್ 16, ರಾತ್ರಿ 9.00

ಗುಜರಿಯವನಿಗೆ ಕೊಡಲೆಂದು ಕಟ್ಟಿಟ್ಟಿದ್ದ ಚೀಲದಿಂದ ಹಳೆಯದನ್ನು ತೆಗೆದೆ. ಎಸಿ ಅಳತೆಯಲ್ಲಿ 11 ವೋಲ್ಟ್ ತೋರಿಸುತ್ತಿದೆ. ಹಾಕಿದೆ, ಮೊದಲು ಆನ್ ಆಗಲಿಲ್ಲ, ಪ್ಲಗ್ಗನ್ನು ಸ್ವಲ್ಪ ಮೇಲೆತ್ತಿ ಹಿಡಿದಾಗ ಆಯಿತು. ಸ್ವರ ಶುದ್ಧವಾಗಿ ಬಂತು. ಮುಚ್ಚಳ ತೆಗೆದು ನೋಡಿದರೆ ವಿದ್ಯುತ್ ಗಂಡಿಯ ಒಂದು ಕಾಲಿನ ಸುತ್ತ ಬೆಸುಗೆ ಬಳೆಯಂತೆ ಬಿರುಕು ಬಿಟ್ಟಿದೆ, ಗಂಡಿಯ ಒಳಗಿನ ತಗಡಿಗೆ ಹಸಿರು ಕಿಲುಬು ಹಿಡಿದಿದೆ. ಅಂದು ರಾತ್ರಿ ಸಿಡಿಲಿನಿಂದ ಏನೂ ಆಗಿರಲಿಲ್ಲ ಎಂದಾಯಿತು. ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಹಳೆಯ ಬೆಸುಗೆ ತೆಗೆದು ಹೊಸದಾಗಿ ಹಾಕಿದ್ದೇನೆ. ಈಗ ಪ್ಲಗ್ಗನ್ನು ಅಲ್ಲಾಡಿಸಿದರೂ ಆರುವುದಿಲ್ಲ.

ಆದರೆ ಸಣ್ಣ ಗುಂಯ್ ಸದ್ದು ಹಾಗೆಯೇ ಉಳಿದಿದೆ. ಕಂಪ್ಯೂಟರಿನಲ್ಲಿ ನೋಡಿದರೆ ಸರಿಯಾಗಿ 50 ಹರ್ಟ್ಸ್.

ಕಾರ್ಕಳದ ತಂತಿ, ಜೂನ್ 16, ರಾತ್ರಿ 9.05

50 ಹರ್ಟ್ಸ್ ಎಂದರೆ ಅರ್ಥ್. ವಿದ್ಯುತ್ತಿನ ಏರಿಳಿತವನ್ನು ಸಮಮಾಡುವ ಕೆಪಾಸಿಟರ್ ಸೋತಿದ್ದರೆ 100 ಹರ್ಟ್ಸ್ ಬರಬೇಕು. ಮೊದಲ ದಿನವೇ ಹೇಳಿದ್ದೆ.

ಬೆಸುಗೆಗಾರ, ಜೂನ್ 16, ರಾತ್ರಿ 9.50

ಆ ಸೂತ್ರ ಸರಿ, ಆದರೆ ಪೂರ್ಣ ಅಲೆಯನ್ನು ಹಿಡಿಯುವ ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ಭಾಗ) ಇದ್ದಲ್ಲಿ ಮಾತ್ರ. ಇಲ್ಲಿ ಪ್ರತಿಯೊಂದು ಬದಿಯೂ ಅರ್ಧ ಅಲೆಯಿಂದ ತುಂಬಿಕೊಳ್ಳುವುದರಿಂದ ಸೋತ ಕೆಪಾಸಿಟರೂ 50 ಹರ್ಟ್ಸನ್ನೇ ಕೊಡುತ್ತದೆ. ಆದ್ದರಿಂದ ಕಿವಿಯಿಂದ ತೀರ್ಮಾನಿಸದೆ ಹೀಗೆ ಮಾಡಿ: ಪೆಟ್ಟಿಗೆಗೆ ಬರುವ ಕೇಬಲ್‌ಗಳನ್ನೆಲ್ಲ ಕಳಚಿ, ಹೊರಹೋಗುವ ಕೇಬಲನ್ನು ಬ್ಯಾಟರಿಯಲ್ಲಿ ನಡೆಯುವ ರೆಕಾರ್ಡರಿಗೆ ಮಾತ್ರ ಜೋಡಿಸಿ ಕೇಳಿ. ಅಡಾಪ್ಟರಿಗೆ ಎರಡೇ ಪಿನ್ ಇರುವುದರಿಂದ ಆಗ ಅರ್ಥ್‌ನ ಸುತ್ತು ಎಲ್ಲಿಯೂ ಕೂಡುವುದಿಲ್ಲ; ಆಗಲೂ ಸದ್ದು ಇದ್ದರೆ ಅದು ಪೆಟ್ಟಿಗೆಯೊಳಗಿನದ್ದೇ. ಅಡಾಪ್ಟರನ್ನು ಮೈಕ್ ಕೇಬಲಿನಿಂದ ನಾಲ್ಕಡಿ ದೂರವಿಡಿ. ಒಳಗಿರುವುದು ಟ್ರಾನ್ಸ್‌ಫಾರ್ಮರ್, ಅದರ ಕಾಂತಕ್ಷೇತ್ರವೂ ಅದೇ 50 ಹರ್ಟ್ಸ್.

ಸ್ವರಮಂಚ, ಜೂನ್ 17, ಸಂಜೆ 6.20

ಹಾಗೆಯೇ ಮಾಡಿದೆ. ಅಡಾಪ್ಟರನ್ನು ದೂರವಿಟ್ಟಾಗ ಏನೂ ವ್ಯತ್ಯಾಸವಾಗಲಿಲ್ಲ. ಬ್ಯಾಟರಿ ರೆಕಾರ್ಡರಿನಲ್ಲಿಯೂ ಸದ್ದು ಅಷ್ಟೇ ಇದೆ. ಪೆಟ್ಟಿಗೆಯೊಳಗೆ ಎರಡು ದೊಡ್ಡ ಕೆಪಾಸಿಟರ್‌ಗಳಿದ್ದು, ಒಂದರ ನೆತ್ತಿ ಸ್ವಲ್ಪ ಉಬ್ಬಿದೆ. ಎರಡರ ಮೇಲೂ 2200 ಮೈಕ್ರೊಫ್ಯಾರಡ್, 16 ವೋಲ್ಟ್ ಎಂದು ಬರೆದಿದೆ.

ಕಾರ್ಕಳದ ತಂತಿ, ಜೂನ್ 17, ಸಂಜೆ 6.45

ಹಾಗಾದರೆ ಕೆಪಾಸಿಟರ್ ಇರಬಹುದು. ಆದರೂ ಮಳೆ ಬಿಟ್ಟ ಮೇಲೆ ಅರ್ಥ್ ಗುಂಡಿಯನ್ನು ಒಮ್ಮೆ ನೋಡಿಸಿ.

ಬೆಸುಗೆಗಾರ, ಜೂನ್ 17, ರಾತ್ರಿ 8.15

ಎರಡನ್ನೂ ಬದಲಿಸಿ. 16 ವೋಲ್ಟಿನದ್ದು ಬೇಡ: 11 ವೋಲ್ಟ್ ಎಸಿಯ ಶಿಖರವು 15.5ರಷ್ಟಾಗುತ್ತದೆ, ಡಯೋಡಿನಲ್ಲಿ 0.7 ಕಳೆದರೂ ಹಳೆಯದ್ದು ಅಂಚಿನಲ್ಲಿಯೇ ದುಡಿಯುತ್ತಿತ್ತು. 25 ವೋಲ್ಟಿನ, 105 ಡಿಗ್ರಿ ತಾಳುವ ಕೆಪಾಸಿಟರ್ ಕೇಳಿ ತನ್ನಿ. ಎತ್ತರ ಹೆಚ್ಚಿರುತ್ತದೆ, ಮುಚ್ಚಳಕ್ಕೆ ತಾಗುವುದೋ ಎಂದು ಅಳೆದುಕೊಂಡು ಹೋಗಿ. ಋಣ ಬದಿಯ ಕೆಪಾಸಿಟರಿನ ಧನ ಕಾಲು ಗ್ರೌಂಡಿಗೆ ಹೋಗುತ್ತದೆ. ಎರಡನ್ನೂ ಒಂದೇ ದಿಕ್ಕಿನಲ್ಲಿ ಕೂರಿಸಿದರೆ ಒಂದು ಒಡೆಯುತ್ತದೆ. ತೆಗೆಯುವ ಮೊದಲು ಫೋಟೋ ತೆಗೆದಿಟ್ಟುಕೊಳ್ಳಿ.

ಚಾವಡಿ, ಜೂನ್ 17, ರಾತ್ರಿ 10.30

ನನ್ನ ಬಲೂನಿಗೆ ಧನ ಕಾಲೂ ಇಲ್ಲ, ಋಣ ಕಾಲೂ ಇಲ್ಲ.

ಸ್ವರಮಂಚ, ಜೂನ್ 21, ರಾತ್ರಿ 11.10

ಉಡುಪಿಯ ಅಂಗಡಿಯಲ್ಲಿ 25 ವೋಲ್ಟಿನದ್ದು ಸಿಕ್ಕಿತು, ಆದರೆ ಅದರ ಮೇಲೆ 85 ಡಿಗ್ರಿ ಎಂದಿದೆ. ಈ ಪೆಟ್ಟಿಗೆ ರ‍್ಯಾಕಿನ ಎಲ್ಲಕ್ಕಿಂತ ಮೇಲಿನ ಅಂತಸ್ತಿನಲ್ಲಿ, ಪವರ್ ಆಂಪ್ಲಿಫೈಯರಿನ ನೆತ್ತಿಯ ಮೇಲಿದೆ. ಇದನ್ನು ಮೊದಲೇ ಹೇಳಬೇಕಿತ್ತೇನೋ. 85 ಡಿಗ್ರಿಯದ್ದನ್ನು ಹಾಕಿ ಪೆಟ್ಟಿಗೆಯನ್ನು ಕೆಳಗಿಳಿಸಿದರೆ ನಡೆದೀತೇ, ಅಥವಾ 105ರದ್ದನ್ನು ಮಂಗಳೂರಿನಿಂದಲೇ ತರಿಸಬೇಕೇ? ಭಾನುವಾರ ತಾಳಮದ್ದಳೆಯ ಮುದ್ರಣವಿದೆ, ಅದು ಮುಗಿಯುವವರೆಗೆ ಬೆಸುಗೆ ಕಾಯಿಸುವುದಿಲ್ಲ.