ಪುಟ್ಟಿಯ ಎಂ.ಎ., ಅಜ್ಜನ ಫಾರಂ ನಂಬರ್ 7

ಪುಟ್ಟಿ: 📎 ಪೋಸ್ಟರ್
ಎಲ್ಲರೂ ನೋಡಿ. ಪಬ್ಲಿಕ್ ಪಾಲಿಸಿ ಎಂ.ಎ.ಗೆ ಅರ್ಜಿ ಹಾಕುತ್ತಿದ್ದೇನೆ. ಎರಡು ವರ್ಷ. ಪೊಲಿಟಿಕಲ್ ಎಕಾನಮಿ ಅಂತ ಒಂದು ಪೇಪರ್ ಇದೆ, ಅಧಿಕಾರ ಯಾರ ಕೈಯಲ್ಲಿ, ಲಾಭ ಯಾರಿಗೆ ಅನ್ನೋದರ ಓದು. ನನಗೆ ಬೇಕಾದದ್ದು ಅದೇ.

ಚಿಕ್ಕಪ್ಪ: ಫೀಸು ನೋಡಿದೆಯಾ? ಪೋಸ್ಟರಿನ ತಳದಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಹಾಕಿದ್ದಾರೆ. ಇಷ್ಟು ದುಡ್ಡಿಗೆ ಎಂಬಿಎ ಬರುತ್ತದೆ.

ದೊಡ್ಡಪ್ಪ: ಪಾಲಿಸಿ ಕ್ಲಾಸಿನಲ್ಲಿ ಕೂತು ಕಲಿಯೋದಲ್ಲ ಮಗಾ. ತಾಲ್ಲೂಕು ಕಚೇರಿಯಲ್ಲಿ ಕಡತ ಹೊತ್ತು ನಿವೃತ್ತನಾದವನು ನಾನು. ವಿಧಾನಸೌಧದಲ್ಲಿ ಕಾನೂನು ಆಗುತ್ತದೆ, ನಮ್ಮ ಮೇಜಿಗೆ ಸುತ್ತೋಲೆ ಬರುತ್ತದೆ, ನಾವು ಮಾಡುತ್ತೇವೆ. ಇದಕ್ಕೆ ಎರಡು ವರ್ಷದ ಓದು ಬೇರೆ!

ಪುಟ್ಟಿ: ಅಷ್ಟೇ ಆಗಿದ್ದರೆ ಭೂಸುಧಾರಣೆ ಎಲ್ಲ ಜಿಲ್ಲೆಯಲ್ಲೂ ಒಂದೇ ಥರ ನಡೆಯಬೇಕಿತ್ತಲ್ವಾ ದೊಡ್ಡಪ್ಪ? ಗೇಣಿಗೆ ಉಳುವವನಿಗೇ ಜಮೀನು ಅಂದ ಭೂಸುಧಾರಣೆ ಕಾಯ್ದೆಯ ತಿದ್ದುಪಡಿ, ಮುಖ್ಯಮಂತ್ರಿ ದೇವರಾಜ ಅರಸು ಕಾಲದ್ದು, 1974ರ ಮಾರ್ಚ್ 1ಕ್ಕೆ ಇಡೀ ರಾಜ್ಯಕ್ಕೆ ಬಂತು. ದಕ್ಷಿಣ ಕನ್ನಡ, ಉತ್ತರ ಕನ್ನಡ, ನಮ್ಮ ಶಿವಮೊಗ್ಗದಲ್ಲಿ ಗೇಣಿದಾರರಿಗೆ ದಕ್ಕಿದಷ್ಟು ಬೇರೆ ಕಡೆ ದಕ್ಕಲಿಲ್ಲ. ಸುತ್ತೋಲೆ ಒಂದೇ ಇತ್ತಲ್ಲ, ಮತ್ತೆ ಯಾಕೆ ಹೀಗೆ?

ಚಿಕ್ಕಪ್ಪ: ಇಲ್ಲಿ ಗೇಣಿ ಜಾಸ್ತಿ ಇತ್ತು. ಮುಗೀತು. ಎಂ.ಎ. ಬೇಕಾ ಇದಕ್ಕೆ?

ಪುಟ್ಟಿ: ಅದು ಅರ್ಧ ಉತ್ತರ ಚಿಕ್ಕಪ್ಪ. ಕಾನೂನು ಬರುವ ಮೊದಲೇ ಇಲ್ಲಿನ ಗೇಣಿದಾರರು ಒಟ್ಟಾಗಿದ್ದರು. 1951ರಲ್ಲಿ ಕಾಗೋಡು ಸತ್ಯಾಗ್ರಹ ಆದದ್ದು ನಮ್ಮ ಸಾಗರ ತಾಲ್ಲೂಕಿನಲ್ಲಿ, ಸಮಾಜವಾದಿ ನಾಯಕ ಲೋಹಿಯಾ ಇಲ್ಲಿಗೆ ಬಂದು ಬಂಧನವಾದರು. ಅಷ್ಟು ದೊಡ್ಡ ಜಗಳಕ್ಕೆ ಕಾರಣ ಒಂದು ಕೊಳಗ! ಗೇಣಿ ಭತ್ತ ಅಳೆಯೋಕೆ ಒಡೆಯರು ಇಟ್ಟುಕೊಂಡಿದ್ದ ಕೊಳಗ ಸರಿಯಾದ ಅಳತೆಗಿಂತ ದೊಡ್ಡದು. ಕರಾವಳಿಯಲ್ಲೂ ರೈತರ ಸಂಘಟನೆ ಮೊದಲೇ ಇತ್ತು. ಇಂಥ ಕಡೆ ಜನ ಅರ್ಜಿ ಹಿಡಿದು ಕಚೇರಿ ಮೆಟ್ಟಿಲು ಹತ್ತಿದರು. ಉಳಿದ ಕಡೆ ಎಷ್ಟೋ ಜನ ಹತ್ತಲೇ ಇಲ್ಲ.

ದೊಡ್ಡಪ್ಪ: ಫಾರಂ ನಂಬರ್ 7, ಗೇಣಿ ಜಮೀನು ತನ್ನ ಹೆಸರಿಗೆ ಕೊಡಿ ಅಂತ ಗೇಣಿದಾರ ಹಾಕುವ ಅರ್ಜಿ. ನಾನೇ ಕೈಯಾರೆ ತಗೊಂಡಿದ್ದೇನೆ, ಕಟ್ಟುಗಟ್ಟಲೆ. ಭೂ ನ್ಯಾಯಮಂಡಳಿಗೆ ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಜೊತೆಗೆ ಸರ್ಕಾರ ನೇಮಿಸಿದ ನಾಲ್ಕು ಜನ. ವಕೀಲರು ಒಳಗೆ ಬರುವ ಹಾಗಿಲ್ಲ. ಒಡೆಯರೂ ಗೇಣಿದಾರನೂ ಎದುರುಬದುರು ನಿಂತು ತಾವೇ ಹೇಳಬೇಕು. ನಿಮ್ಮ ಅಜ್ಜ ಒಡೆಯರ ಮುಂದೆ ಬಾಯಿಬಿಟ್ಟದ್ದು ಅದೇ ಮೊದಲು, ಅದೂ ಹೆಗಲ ಮೇಲಿನ ಟವೆಲ್ ತೆಗೆದು ಕಂಕುಳಲ್ಲಿ ಸಿಕ್ಕಿಸಿಕೊಂಡು. ಎರಡು ಎಕರೆ ಬಂತು.
ಪಕ್ಕದ ಗದ್ದೆಯವರು ಅರ್ಜಿಯನ್ನೇ ಹಾಕಲಿಲ್ಲ. ಮಗಳ ಮದುವೆಗೆ ಒಡೆಯರು ಅಕ್ಕಿ ಕೊಟ್ಟಿದ್ದರಂತೆ, ಅವರ ಮೇಲೆ ಹೇಗೆ ಹಾಕಲಿ ಅಂದರು. ಮೂರು ಸಲ ಮನೆಗೆ ಹೋಗಿ ಹೇಳಿದೆ. 1979ರ ಜೂನ್ 30 ಕೊನೇ ದಿನ. ಅದೂ ದಾಟಿತು.

ಪುಟ್ಟಿ: ದೊಡ್ಡಪ್ಪ, ಫಾರಂ 7 ಪಾಲಿಸಿ. ಆ ಮದುವೆ ಅಕ್ಕಿ ಪೊಲಿಟಿಕಲ್ ಎಕಾನಮಿ.

ದೊಡ್ಡಪ್ಪ: ನಮಗೆ ಗೊತ್ತಿದ್ದದ್ದಕ್ಕೇ ಇಂಗ್ಲಿಷ್ ಹೆಸರಿಟ್ಟು ಲಕ್ಷಗಟ್ಟಲೆ ಫೀಸು ಇಸ್ಕೊಳ್ಳುತ್ತಾರೆ ಅನ್ನು 😄

ಅತ್ತೆ: ಕೊಟ್ಟಿಗೆಯಲ್ಲಿದ್ದೆ, ಈಗ ನೋಡಿದೆ. ಅಣ್ಣಯ್ಯ, ಆ ಗದ್ದೆಯಲ್ಲಿ ನಟ್ಟಿ ಮಾಡಿದ್ದು ಅಮ್ಮ. ಕೈಗೆ ಸಸಿ ಕೊಡುತ್ತಿದ್ದವಳು ನಾನು. ಪಹಣಿಯಲ್ಲಿ ಅಪ್ಪನ ಹೆಸರು ಬಂತು, ಆಮೇಲೆ ನಿಮ್ಮ ಮೂವರದ್ದು. ನ್ಯಾಯಮಂಡಳಿಯಲ್ಲಿ ಅಮ್ಮನನ್ನು ಒಂದು ಮಾತು ಕೇಳಿದರಾ?

ದೊಡ್ಡಪ್ಪ: ಮನೆ ಯಜಮಾನ ಅರ್ಜಿ ಹಾಕುತ್ತಿದ್ದ. ಎಲ್ಲಾ ಮನೆಯಲ್ಲೂ ಹಾಗೇ.

ಅತ್ತೆ: ಹಾಗೇ ಅಂತ ನನಗೂ ಗೊತ್ತು. ಯಾಕೆ ಹಾಗೆ ಅಂತ ಅವಳು ಓದಲಿ ಬಿಡು.

ಚಿಕ್ಕಪ್ಪ: ಅಕ್ಕ, ಎಲ್ಲಾ ಸರಿ, ಹಳೇ ಕಥೆ. ಈಗ ಏನು ಉಪಯೋಗ?

ಪುಟ್ಟಿ: ಹಳೇದಾ? 2020ರಲ್ಲಿ ಅದೇ ಕಾಯ್ದೆಯಿಂದ 79ಎ, 79ಬಿ ಕಿತ್ತರು, ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳದಂತೆ ತಡೆಯುತ್ತಿದ್ದ ಕಲಮುಗಳು. ನಿಮ್ಮ ಆಫೀಸಿನವರು, ಊರಲ್ಲಿ ಒಂದು ಗುಂಟೆ ಇಲ್ಲದವರು, ಸಕಲೇಶಪುರದ ಕಡೆ ಜಮೀನು ನೋಡಿಕೊಂಡು ಬಂದರು ಅಂದಿರಲ್ಲ, ಅದಕ್ಕೆ ದಾರಿ ಆದದ್ದು ಅಲ್ಲಿ. ಮೊದಲು ಉಳುವವನೇ ಹೊಲದೊಡೆಯ ಅಂದ ಕಾಯ್ದೆ ಈಗ ಕೊಳ್ಳುವವನ ಕಡೆ ತಿರುಗಿತು. ಯಾರು ತಿರುಗಿಸಿದರು, ಯಾರಿಗೆ ಲಾಭ ಅಂತ ಲೆಕ್ಕ ಹಾಕೋಕೆ ಕಲಿಯಬೇಕು ನನಗೆ.

ಚಿಕ್ಕಪ್ಪ: ಯಾರೂ ಸುಮ್ನೆ ಕಿತ್ತುಕೊಳ್ಳುತ್ತಿಲ್ಲ, ದುಡ್ಡು ಕೊಟ್ಟು ತಗೊಳ್ಳುತ್ತಿದ್ದಾರೆ. ಮಗನನ್ನು ಓದಿಸೋಕೆ ಮಾರುವ ರೈತನಿಗೆ ಕೊಳ್ಳುವವರು ನಾಲ್ಕು ಜನ ಹೆಚ್ಚಾದರೆ ಒಳ್ಳೆಯದಲ್ವಾ? ಅದನ್ನೂ ಬರಿ.

ಪುಟ್ಟಿ: ಬರೆಯುತ್ತೇನೆ. ನಿಜವಾಗಿ ಒಳ್ಳೆ ಪ್ರಶ್ನೆ. ನೀವೂ ಅರ್ಜಿ ಹಾಕಿ 😂

ಚಿಕ್ಕಪ್ಪ: ಮೊದಲು ಸ್ಕಾಲರ್‌ಶಿಪ್ ಇದೆಯಾ ವಿಚಾರಿಸು. ಇಲ್ಲದಿದ್ದರೆ ಮಾನಸಗಂಗೋತ್ರಿಯಲ್ಲಿ ಎಕನಾಮಿಕ್ಸ್ ಎಂ.ಎ. ಮಾಡು, ಈ ಕೊಳಗದ ಕಥೆ ಅಲ್ಲೂ ಹೇಳಬಹುದು. ಸಾಲ ಮಾಡಿ ಓದೋದಕ್ಕೆ ನಾನು ಒಪ್ಪಲ್ಲ.

ಪುಟ್ಟಿ: ಅದನ್ನು ಅಪ್ಪನೂ ಹೇಳಿದರು. ನಾಳೆ ಫೋನ್ ಮಾಡಿ ಕೇಳುತ್ತೇನೆ.

ದೊಡ್ಡಪ್ಪ: 📷 ಫೋಟೋ
ಅಜ್ಜನ ಆದೇಶದ ಪ್ರತಿ. ಟ್ರಂಕಿನಲ್ಲಿತ್ತು. ಒಂದು ಮೂಲೆ ಗೆದ್ದಲು ತಿಂದಿದೆ.

ಅತ್ತೆ: ತಲೆಕೆಳಗಾಗಿ ಬಂದಿದೆ ಅಣ್ಣಯ್ಯ. ತಿರುಗಿಸಿ ಹಾಕು.