ಅಪ್‌ಡೇಟ್: ನಮ್ಮ ಲ್ಯಾಬ್ರಡಾರ್‌ಗೆ ಇನ್ಶೂರೆನ್ಸ್ ಮಾಡಿಸಿದೆವು

ನಮ್ಮ ಮೂರು ವರ್ಷದ ಲ್ಯಾಬ್ರಡಾರ್ ನಾಯಿಗೆ ಇನ್ಶೂರೆನ್ಸ್ ಬೇಕಾ, ಬೇಕಿದ್ದರೆ ಯಾವುದು ಎಂದು ಇಲ್ಲಿ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಕೊನೆಗೂ ಮಾಡಿಸಿದೆವು.

ಪ್ರೀಮಿಯಂ ನೋಡುವ ಮೊದಲು ಯಾವುದಕ್ಕೆ ದುಡ್ಡು ಕೊಡಲ್ಲ ಅನ್ನುವ ಪುಟ ಓದಿ ಎಂದು ಒಬ್ಬರು ಹೇಳಿದ್ದರಲ್ಲ, ಅದೇ ಕೆಲಸಕ್ಕೆ ಬಂತು. ಕಡಿಮೆ ಪ್ರೀಮಿಯಂನ ಪಾಲಿಸಿಯಲ್ಲಿ ವಂಶದಿಂದ ಬರುವ ಕಾಯಿಲೆಗಳೆಲ್ಲ ಹೊರಗೆ. ಲ್ಯಾಬ್ರಡಾರ್‌ಗಳಿಗೆ ಸೊಂಟದ ಕೀಲಿನ ತೊಂದರೆ ಬರುವುದೇ ಹಾಗೆ. ಅದನ್ನೇ ಬಿಟ್ಟರೆ ನಮಗೇನು ಉಪಯೋಗ, ಅಲ್ವಾ? ತೆಗೆದುಕೊಂಡ ಪಾಲಿಸಿಯಲ್ಲಿ ಅದೂ ಸೇರಿದೆ, ಆದರೆ ಬಿಲ್‌ನ ಒಂದು ಪಾಲು ನಾವೇ ಕಟ್ಟಬೇಕು. ಪಾರ್ವೊ, ಡಿಸ್ಟೆಂಪರ್ ಎಂಬ ವೈರಸ್ ಕಾಯಿಲೆಗಳಿಗೆ ಲಸಿಕೆ ಕಾರ್ಡ್ ಸರಿಯಿದ್ದರೆ ಮಾತ್ರ ಕ್ಲೇಮ್.

ಗುರುತಿಗೆ ಮೈಕ್ರೋಚಿಪ್ ಹಾಕಿಸಿದೆವು. ಭುಜಗಳ ನಡುವೆ, ಚರ್ಮದಡಿ, ಅಕ್ಕಿಕಾಳಿನಷ್ಟು. ಡಾಕ್ಟರ್ ಸ್ಕ್ಯಾನರ್ ಹಿಡಿದಾಗ 15 ಅಂಕಿಯ ನಂಬರ್ ಬಂತು. ಪಾಲಿಸಿಯಲ್ಲಿರುವ ನಂಬರ್ ಜೊತೆ ಒಂದೊಂದೇ ಅಂಕಿ ತಾಳೆ ನೋಡಿಕೊಳ್ಳಿ, ಕ್ಲೇಮ್ ಹೊತ್ತಿಗೆ ತಕರಾರು ಬೇಡ.

ಕಾಯುವ ಅವಧಿ, ಅಂದರೆ ಪಾಲಿಸಿ ಶುರುವಾದರೂ ಕಾಯಿಲೆಗೆ ದುಡ್ಡು ಸಿಗದ ಮೊದಲ ದಿನಗಳು, ಇನ್ನೂ ಮುಗಿದಿಲ್ಲ. ಈಗ ಟಿಕ್ ಫೀವರ್ (ಉಣ್ಣಿ ಕಚ್ಚಿ ಬರುವ ಕಾಯಿಲೆ) ಬಂದರೆ ಪೂರ್ತಿ ಖರ್ಚು ನಮ್ಮದೇ. ಹಾಗಾಗಿ ಉಣ್ಣಿಗೆ ಕೊಡುವ ಮಾತ್ರೆ ತಪ್ಪಿಸುತ್ತಿಲ್ಲ, ವಾಕಿಂಗ್ ಮುಗಿಸಿ ಬಂದ ಮೇಲೆ ಕಿವಿ, ಬೆರಳ ಸಂದಿ ನೋಡುತ್ತೇವೆ.