ಕಪ್ ಲೆಕ್ಕದ ಕೇಕ್ ರೆಸಿಪಿಯನ್ನು ಗ್ರಾಂಗೆ ಬದಲಿಸೋದು ಹೇಗೆ?

ಸ್ಪಂಜ್_ತುಮಕೂರು:
ಮೊಟ್ಟೆ ಹಾಕದ ಮೊಸರಿನ ಕೇಕ್. ಮೈದಾ ಒಂದೂವರೆ ಕಪ್, ಸಕ್ಕರೆ ಮುಕ್ಕಾಲು ಕಪ್, ಗಟ್ಟಿ ಮೊಸರು ಒಂದು ಕಪ್, ಎಣ್ಣೆ ಅರ್ಧ ಕಪ್, ಬೇಕಿಂಗ್ ಪೌಡರ್ ಒಂದೂಕಾಲು ಟೀ ಚಮಚ, ಸೋಡಾ ಅರ್ಧ ಟೀ ಚಮಚ. ಅದೇ ಕಪ್, ಅದೇ ಓವನ್, ಆದ್ರೂ ಒಂದು ಸಲ ಮೆತ್ತಗೆ ಬರುತ್ತೆ, ಇನ್ನೊಂದು ಸಲ ಮೇಲೆ ಬಿರುಕು ಬಿಟ್ಟು ಒಣಗಿರುತ್ತೆ. ಈಗ ಆರ್ಡರ್‌ಗೆ ಮೂರರಷ್ಟು ಮಾಡಬೇಕು. ಮೈದಾ ಕಪ್‌ಗೆ 120 ಗ್ರಾಂ ಅಂತ ಒಂದು ಕಡೆ, 150 ಅಂತ ಇನ್ನೊಂದು ಕಡೆ ಇದೆ. ಯಾವುದು ಸರಿ?

ತಕ್ಕಡಿ_ಕೋಲಾರ:
ಎರಡೂ ಸರಿ ಮೇಡಂ, ಕಪ್ ತುಂಬಿದ ರೀತಿ ಬೇರೆ ಅಷ್ಟೆ. ಚಮಚದಲ್ಲಿ ಸಡಿಲವಾಗಿ ಹಾಕಿ ಮೇಲೆ ಗೀರಿದರೆ 240 ಮಿ.ಲೀ. ಕಪ್‌ಗೆ 120–125 ಗ್ರಾಂ. ಡಬ್ಬದೊಳಗೆ ಕಪ್ ಅದ್ದಿ ಎತ್ತಿದರೆ ಹಿಟ್ಟು ಅಮುಕಿಕೊಂಡು 140–150 ಆಗುತ್ತೆ. ಒಂದೂವರೆ ಕಪ್‌ಗೆ 30–45 ಗ್ರಾಂ ಹೆಚ್ಚುವರಿ ಮೈದಾ ಹೋಯ್ತು. ನಿಮ್ಮ ಬಿರುಕಿಗೆ ನಾನು ಮೊದಲು ಅನುಮಾನ ಪಡೋದು ಇದನ್ನೇ.

ಮೊದಲು ನಿಮ್ಮ ಕಪ್ ಎಷ್ಟರದು ನೋಡಿ. ಖಾಲಿ ಕಪ್ ತೂಕದ ಮೆಷಿನ್ ಮೇಲಿಟ್ಟು ಸೊನ್ನೆ ಮಾಡಿ, ಅಂಚಿನವರೆಗೂ ನೀರು ತುಂಬಿ. ಬಂದ ಗ್ರಾಂ ಎಷ್ಟೋ ಅಷ್ಟೇ ಮಿ.ಲೀ. ಅಂಗಡಿ ಸೆಟ್‌ಗಳಲ್ಲಿ 240ರದ್ದೂ ಇದೆ, 250ರದ್ದೂ ಇದೆ. ಟೀ ಲೋಟ ಮಾತ್ರ ಬೇಡ.

240ರ ಲೆಕ್ಕಕ್ಕೆ: ಮೈದಾ 180, ಸಕ್ಕರೆ 150, ಮೊಸರು 245, ಎಣ್ಣೆ 110. ಎಣ್ಣೆ ನೀರಿಗಿಂತ ಹಗುರ, ಒಂದು ಲೀಟರ್ ಪ್ಯಾಕೆಟ್ ಮೇಲೆ 910 ಗ್ರಾಂ ಅಂತ ಬರೆದಿರೋದು ಅದಕ್ಕೇ. ಸಕ್ಕರೆ ಪುಡಿ ಮಾಡಿ ಹಾಕೋದಾದ್ರೂ ತೂಕ 150ನೇ. ಪುಡಿಯನ್ನ ಕಪ್‌ನಲ್ಲೇ ಅಳೆದರೆ ಮುಕ್ಕಾಲು ಕಪ್‌ಗೆ 90 ಗ್ರಾಂ ಆಸುಪಾಸು ಮಾತ್ರ ಬರುತ್ತೆ, ಸಿಹಿಯೂ ಕಮ್ಮಿ, ಮೆದುತನವೂ ಕಮ್ಮಿ.

ಬೇಕಿಂಗ್_ಚಿಕ್ಕಬಳ್ಳಾಪುರ:
ಸೋಡಾ, ಬೇಕಿಂಗ್ ಪೌಡರ್ ಚಮಚದಲ್ಲೇ ಇರಲಿ. 5 ಮಿ.ಲೀ. ಅಳತೆ ಚಮಚ, ಮೇಲೆ ಗೀರಿ. ಅರ್ಧ ಚಮಚ ಸೋಡಾ ಸುಮಾರು 3 ಗ್ರಾಂ. 1 ಗ್ರಾಂ ಹೆಜ್ಜೆಯ ಅಡುಗೆಮನೆ ಮೆಷಿನ್‌ನಲ್ಲಿ 2 ಇದ್ದರೂ 4 ಇದ್ದರೂ ಗೊತ್ತಾಗೋದು ಕಷ್ಟ. ಚಿಟಿಕೆ ಚಿಟಿಕೆಯಾಗಿ ಉದುರಿಸಿದರೆ ಕೆಲವು ಮೆಷಿನ್ ಅಂಕಿ ಬದಲಿಸೋದೇ ಇಲ್ಲ. ತೂಗಲೇಬೇಕು ಅಂದ್ರೆ 0.1 ಗ್ರಾಂ ತೋರಿಸೋ ಸಣ್ಣ ಮೆಷಿನ್ ತಗೊಳ್ಳಿ, ಫ್ಯಾನ್ ಆಫ್ ಮಾಡಿ ತೂಗಿ.

ಮೂರರಷ್ಟಕ್ಕೆ ಎಲ್ಲವನ್ನೂ ಮೂರರಿಂದ ಗುಣಿಸಿ, ಆದರೆ ಹಿಟ್ಟನ್ನ ಮೂರು ಟಿನ್‌ಗೆ ಹಂಚಿ. ಒಂದೇ ಆಳದ ಟಿನ್‌ಗೆ ಸುರಿದರೆ ಅಂಚು ಒಣಗೋ ಹೊತ್ತಿಗೂ ನಡುವೆ ಹಸಿಯಾಗಿರುತ್ತೆ.

ಸ್ಪಂಜ್_ತುಮಕೂರು:
ತುಂಬಾ ಥ್ಯಾಂಕ್ಸ್. ಅರ್ಧ ರಾಗಿ ಹಿಟ್ಟು ಹಾಕಬೇಕು ಅಂದ್ರೆ ಮುಕ್ಕಾಲು ಕಪ್ ತೆಗೆದು ಮುಕ್ಕಾಲು ಕಪ್ ಹಾಕಿದರೆ ಸಾಕಾ?

ತಕ್ಕಡಿ_ಕೋಲಾರ:
ಬೇಡ, ತೂಕದಲ್ಲೇ ಮಾಡಿ: ಮೈದಾ 90, ರಾಗಿ 90. ಮಿಲ್ಲಿಂದ ಆಗಷ್ಟೇ ಬಂದ ರಾಗಿ ಹಿಟ್ಟು ಸಡಿಲವಾಗಿರುತ್ತೆ, ಡಬ್ಬದಲ್ಲಿ ಕೂತ ಮೇಲೆ ಬಿಗಿಯಾಗುತ್ತೆ, ಕಪ್ ನಂಬೋ ಹಾಗಿಲ್ಲ. ಜರಡಿ ಹಿಡಿದ ಮೇಲೆ ತೂಗಿ, ತೌಡು ಜರಡಿಯಲ್ಲೇ ಉಳಿಯುತ್ತೆ.

ರಾಗಿ ನಿಧಾನವಾಗಿ ನೀರು ಕುಡಿಯುತ್ತೆ. ಅದನ್ನ ಮೊಸರಿನಲ್ಲಿ ಕಲಸಿ ಹದಿನೈದು ನಿಮಿಷ ಬಿಡಿ, ಇಲ್ಲದಿದ್ರೆ ಕೇಕ್ ತಿನ್ನುವಾಗ ಮರಳು ಮರಳಾಗುತ್ತೆ. ಗಟ್ಟಿ ಅನ್ನಿಸಿದರೆ ಹಾಲು ಒಂದೊಂದೇ ಚಮಚ. ಸೋಡಾನ ಮೈದಾ ಜೊತೆ ಕೊನೆಗೆ ಸೇರಿಸಿ; ಮೊಸರಿಗೆ ತಾಗಿದ ಕ್ಷಣದಿಂದಲೇ ಗ್ಯಾಸ್ ಬಿಡೋಕೆ ಶುರು, ಆದ್ದರಿಂದ ಓವನ್ ಮೊದಲೇ ಕಾದಿರಬೇಕು. ರಾಗಿಯಲ್ಲಿ ಗ್ಲುಟನ್ (ಹಿಟ್ಟನ್ನ ಹಿಡಿದಿಡೋ ಅಂಟು) ಇಲ್ಲ, ಅರ್ಧಕ್ಕಿಂತ ಜಾಸ್ತಿ ಹಾಕಿದರೆ ಕತ್ತರಿಸುವಾಗ ಪುಡಿಯಾಗುತ್ತೆ. ಆರ್ಡರ್ ಕೇಕ್‌ಗೆ ಮೊದಲ ಸಲ ಮೂರನೇ ಒಂದು ಭಾಗ, ಅಂದ್ರೆ ರಾಗಿ 60, ಮೈದಾ 120 ಇಟ್ಟು ನೋಡಿ.